ನನ್ನ ಹಸಿ ಪಿಜ್ಜಾ, ಪೊರ್ಬುಗಳ ಒಲೆ

ಅವರ ಬಲಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ರೋಮ ಇರಲಿಲ್ಲ. ಎಡಗೈ ತುಂಬ ಬಿಳಿ ಕೂದಲು, ಬಲಗೈ ಮಾತ್ರ ಮಗುವಿನ ಕೈಯ ಹಾಗೆ ನುಣ್ಣಗೆ. ಬಲಗಡೆಯ ಹುಬ್ಬು ಕೂಡ ಅರ್ಧಕ್ಕೇ ನಿಂತಿತ್ತು. ಬೇಕರಿಯ ಸೌದೆ ಒಲೆಯೊಳಗೆ ಆ ಕೈಯನ್ನು ಚಾಚಿ, ತುಸು ಹೊತ್ತು ಹಿಡಿದು, ಕಾವು ಸಾಕೋ ಸಾಲದೋ ಎಂದು ನೋಡುವುದು ಅವರ ಕ್ರಮ. ಆಯುಷ್ಯವಿಡೀ ಹಾಗೆ ಮಾಡಿದರೆ ಕೂದಲು ಎಲ್ಲಿ ಉಳಿಯುತ್ತದೆ? ನನ್ನ ಬಾಯಿ ಸುಮ್ಮನೆ ಇರುವಂಥದ್ದಲ್ಲ. ಗುರುತು ಪರಿಚಯ ಆಗುವ ಮೊದಲೇ "ನಿಮ್ಮ ಕೈಗೆ ಎಂತ ಆದದ್ದು?" ಎಂದು ಕೇಳಿಬಿಟ್ಟಿದ್ದೆ. ಅವರು ಎರಡೂ ಕೈಗಳನ್ನು ಮುಂದಕ್ಕೆ ಹಿಡಿದು, ಆಗಷ್ಟೇ ಕಂಡವರಂತೆ ನೋಡಿ, "ಎಡಗೈ ನನ್ನದು ಮಗಾ. ಬಲಗೈ ಒಲೆಯದ್ದು" ಎಂದರು.

ನಮ್ಮ ಕಡೆ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎನ್ನುವುದು ವಾಡಿಕೆ. ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ. ಸಂತೆಕಟ್ಟೆಯ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಲ್ಯಾಣಪುರದ ದಾರಿಯಲ್ಲಿ ಅವರ ಬೇಕರಿ. ಮುಂದೆ ಹಂಚಿನ ಮಾಡಿನ ಅಂಗಡಿ, ಹಿಂದೆ ಅವರ ತಂದೆ ಕಟ್ಟಿಸಿದ ಇಟ್ಟಿಗೆಯ ಒಲೆ. ಅದರ ಎದುರಿಗೆ, ಹೊಸ ಕಟ್ಟಡದ ನೆಲಮಹಡಿಯಲ್ಲಿ ನಮ್ಮ ಪಿಜ್ಜಾ ಅಂಗಡಿ. ಅವರು ಮನೆಯಲ್ಲಿ ಕೊಂಕಣಿ, ಗಿರಾಕಿಗಳ ಹತ್ತಿರ ತುಳು, ಬ್ಯಾಂಕಿನಲ್ಲಿ ಕನ್ನಡ ಮಾತಾಡುತ್ತಿದ್ದರು. ಒಲೆಯ ಹತ್ತಿರ ಒಬ್ಬರೇ ಇರುವಾಗ ಯಾವ ಭಾಷೆಯಲ್ಲಿ ಗೊಣಗುತ್ತಿದ್ದರು ಎಂದು ನನಗೆ ಕೊನೆಗೂ ತಿಳಿಯಲಿಲ್ಲ. ನಾವಿಬ್ಬರೂ ಆಡಿದ್ದು ತುಳು. ಇಲ್ಲಿ ಬರೆಯಲಿಕ್ಕಾಗಿ ಕನ್ನಡಕ್ಕೆ ತಂದಿದ್ದೇನೆ.

ಮೊದಲು ನಮ್ಮ ದಡ್ಡತನದ ಕತೆ ಹೇಳಬೇಕು. ನನ್ನ ಗಂಡ ಗಲ್ಫಿನ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ಕೆಲಸಕ್ಕಿದ್ದರು, ನಾನೂ ಜೊತೆಗಿದ್ದೆ. ಅಲ್ಲಿ ಹಸಿ ಪಿಜ್ಜಾ ಮಾರುತ್ತಾರೆ. ಗಿರಾಕಿ ನಿಂತು, ಇದು ಹಾಕಿ ಅದು ಬೇಡ ಎಂದು ತನಗೆ ಬೇಕಾದ ಹಾಗೆ ಮೇಲೆ ಜೋಡಿಸಿಕೊಂಡು, ಮನೆಗೆ ಒಯ್ದು ಬೇಯಿಸಿಕೊಳ್ಳುತ್ತಾನೆ. ಊರಿಗೆ ವಾಪಸಾಗುವಾಗ ನಾವು ಕೂಡಿಸಿಟ್ಟಿದ್ದ ಹಣದ ಜೊತೆಗೆ ಈ ಯೋಚನೆಯನ್ನೂ ಪ್ಯಾಕ್ ಮಾಡಿ ತಂದೆವು. ಉಡುಪಿಯಲ್ಲಿ ಇಂಥದ್ದು ಎಲ್ಲೂ ಇಲ್ಲ ಎಂದು ಬೀಗಿದೆವು. ಯಾಕೆ ಇಲ್ಲ ಎಂದು ಕೇಳಿಕೊಳ್ಳಲಿಲ್ಲ. ಅಲ್ಲಿ ಬಾಡಿಗೆ ಮನೆಯಲ್ಲೂ ಗ್ಯಾಸ್ ಒಲೆಯ ಹೊಟ್ಟೆಯಲ್ಲಿ ಓವನ್ ಇದ್ದೇ ಇರುತ್ತದೆ. ಇಲ್ಲಿ ಯಾರ ಮನೆಯಲ್ಲಿ ಓವನ್ ಉಂಟು? ಅಷ್ಟು ವರ್ಷ ಹೊರಗಿದ್ದು ನಮ್ಮವರ ಅಡುಗೆಮನೆಯೇ ನಮಗೆ ಮರೆತುಹೋಗಿತ್ತು.

ಅಂಗಡಿ ತೆರೆದ ವಾರ ಜನ ಕುತೂಹಲಕ್ಕೆ ಬಂದರು, ಒಯ್ದರು. ಮರುದಿನದಿಂದ ದೂರುಗಳು. ಕಾಪುವಿನ ನನ್ನ ಚಿಕ್ಕಮ್ಮ ದೋಸೆ ಕಾವಲಿಯಲ್ಲಿಟ್ಟು ಅಡಿ ಕರಿಕು, ಮೇಲೆ ಹಸಿ ಮಾಡಿಕೊಂಡರು. ಇನ್ನೊಬ್ಬರು ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟರಂತೆ. ಇನ್ನಂಜೆಯ ಒಬ್ಬರು ಅರ್ಧ ತಿಂದ ಪಿಜ್ಜಾವನ್ನು ಪೆಟ್ಟಿಗೆ ಸಮೇತ ತಂದು ನನ್ನ ಕೌಂಟರಿನ ಮೇಲಿಟ್ಟು, "ಇದನ್ನು ನೀವೇ ಒಮ್ಮೆ ತಿಂದು ನೋಡಿ ಅಕ್ಕ" ಎಂದರು, ಬಹಳ ಮರ್ಯಾದೆಯಿಂದ. ನನಗೆ ಅಳು ಬಂತು. ರಸ್ಕ್ ಕೊಡುವ ನೆಪದಲ್ಲಿ ಎದುರಿನಿಂದ ಪೊರ್ಬುಗಳು ದಾಟಿ ಬಂದದ್ದು ಆಗ.

ಅವರು ಪಿಜ್ಜಾವನ್ನು ಎತ್ತಿ, ಅಡಿ ನೋಡಿ, ಮೂಸಿ, "ಹಿಟ್ಟು ಒಳ್ಳೆಯದುಂಟು. ಬೆಂಕಿ ಕಾಣಲಿಲ್ಲ ಪಾಪ" ಎಂದರು. "ಸಂಜೆಯ ಬನ್ನಿಗೆ ನಾನು ಹೇಗೂ ಒಲೆ ಕಾಯಿಸುತ್ತೇನೆ. ನಿನ್ನವರನ್ನು ಈಚೆ ಕಳಿಸು."

"ನಿಮಗೆ ಸುಮ್ಮನೆ ತೊಂದರೆ ಅಲ್ವಾ?"

"ಒಲೆ ಬಿಸಿ ಇರುವಾಗ ಇಲ್ಲ ಎಂದು ಹೇಳುವುದು ಹೇಗೆ ಮಾರಾಯ್ತಿ?"

ಹಾಗೆ ನಮ್ಮ ಅಂಗಡಿ ಬದುಕಿತು. ನನ್ನ ಕೌಂಟರಿನಲ್ಲಿ ಜೋಳ, ಪನೀರು, ದೊಣ್ಣೆಮೆಣಸು ಆರಿಸಿ ಹಾಕಿಸಿಕೊಂಡ ಜನ ರಸ್ತೆ ದಾಟಿ ಅವರ ಬೆಂಚಿನಲ್ಲಿ ಕೂರುತ್ತಿದ್ದರು. ಅವರು ಉದ್ದ ಹಿಡಿಯ ಮರದ ಹಲಗೆಯ ಮೇಲೆ ಒಂದೊಂದನ್ನೇ ಒಳಗೆ ತಳ್ಳಿ, ಮತ್ತೆ ಹೊರಗೆಳೆದು, ಕಾದ ಚೀಸು ಗುಳ್ಳೆಯೇಳುವುದನ್ನು ಮಕ್ಕಳಿಗೆ ತೋರಿಸಿ ಕೊಡುತ್ತಿದ್ದರು. ಮಣಿಪಾಲದ ವಿದ್ಯಾರ್ಥಿಗಳು ಬೈಕಿನಲ್ಲಿ ಬರುತ್ತಿದ್ದದ್ದು ನನ್ನ ಪಿಜ್ಜಾಕ್ಕೋ ಅವರ ಒಲೆಯನ್ನು ಫೋನಿನಲ್ಲಿ ಹಿಡಿಯಲಿಕ್ಕೋ ಎಂದು ನನಗೆ ಅನುಮಾನವಿತ್ತು. ಹುಡುಗರು ಫೋನ್ ಎತ್ತಿದ ಕೂಡಲೇ ಅವರು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಪಿಜ್ಜಾ ಎನ್ನುವ ಮಾತು ಮಾತ್ರ ಅವರ ಬಾಯಿಂದ ಬರಲಿಲ್ಲ. "ನಿನ್ನ ರೊಟ್ಟಿ" ಎನ್ನುತ್ತಿದ್ದರು. ಹಣ ಎಂದರೆ ಕಿವಿ ಕೇಳಿಸದವರಂತೆ ಒಳಗೆ ಹೋಗಿಬಿಡುತ್ತಿದ್ದರು. ಸೌದೆಯ ಲೋಡು ಬಂದಾಗ ಒಂದು ಪಾಲು ನಾವು ಹಾಕಿಸುತ್ತಿದ್ದೆವು, ಅಷ್ಟನ್ನು ಮಾತ್ರ ಒಪ್ಪಿಕೊಂಡರು.

ಆ ಒಲೆಗೆ ವರ್ಷದಲ್ಲಿ ಒಂದು ವಾರ ಬೇರೆಯೇ ಕೆಲಸ. ಕ್ರಿಸ್ಮಸ್ಸಿನ ಹಿಂದಿನ ವಾರ ಸುತ್ತಲಿನ ಕ್ರೈಸ್ತ ಮನೆಗಳ ಹೆಂಗಸರು ಮನೆಯಲ್ಲಿ ಕೇಕಿನ ಹಿಟ್ಟು ಕಲಸಿ, ತಗಡಿನ ಡಬ್ಬಿಗಳಲ್ಲಿ ತುಂಬಿಸಿ, ಮೇಲೆ ಬಟ್ಟೆ ಮುಚ್ಚಿ ಅವರಲ್ಲಿಗೆ ತರುತ್ತಿದ್ದರು. ದ್ರಾಕ್ಷಿ, ಗೇರುಬೀಜ, ಕಿತ್ತಳೆ ಸಿಪ್ಪೆಯನ್ನು ತಿಂಗಳ ಮೊದಲೇ ರಮ್ಮಿನಲ್ಲಿ ನೆನೆಹಾಕಿ, ಮನೆಮಂದಿಯೆಲ್ಲ ಸರದಿಯಲ್ಲಿ ಕೈನೋಯಿಸಿಕೊಂಡು ಕಲಸಿದ ಹಿಟ್ಟು ಅದು. ಮನೆಯಲ್ಲಿ ಓವನ್ ಇಲ್ಲದ ಕಾಲದಿಂದ ಬಂದ ಪದ್ಧತಿ. ಅಜ್ಜಿ ತಂದಳು, ಅಮ್ಮ ತಂದಳು, ಈಗ ಮಗಳು. ಯಾರ ಡಬ್ಬಿ ಯಾರದ್ದೆಂದು ಗೊತ್ತಾಗಲು ಒಬ್ಬರು ಹಿಡಿಗೆ ಕೆಂಪು ದಾರ ಕಟ್ಟುವರು, ಇನ್ನೊಬ್ಬರು ಹಿಟ್ಟಿನ ಮೇಲೆ ಗೇರುಬೀಜದಿಂದ ಶಿಲುಬೆ ಮಾಡಿಡುವರು. ಬೆಳಗಿನ ಬ್ರೆಡ್ ಮುಗಿದು ಒಲೆ ತಣಿಯುತ್ತ ಬಂದ ಹೊತ್ತಿಗೆ, ಆ ಇಳಿಗಾವಿನಲ್ಲಿ ಅವರು ಡಬ್ಬಿಗಳನ್ನು ಒಳಗಿಡುತ್ತಿದ್ದರು. ಆ ವಾರ ಒಲೆಯೊಳಗೆ ಬ್ರೆಡ್ ಮತ್ತು ಕೇಕು ಬಿಟ್ಟು ಬೇರೆ ಎಂತದ್ದೂ ಹೋಗಬಾರದು. ಈರುಳ್ಳಿ ತುಂಬಿಸಿದ ಅವರದೇ ಪಪ್ಸ್ ಕೂಡ ಆ ವಾರ ಬಂದ್. ಹೆಂಗಸರಿಗೆ ಅವರ ತಂದೆ ಕೊಟ್ಟ ಮಾತಂತೆ ಅದು, ಇವರೂ ಉಳಿಸಿಕೊಂಡು ಬಂದಿದ್ದರು.

ಆ ವಾರ ಅವರ ಚಹರೆಯೇ ಬೇರೆ. ಕ್ಷೌರ ಮಾಡಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಬ್ಬೊಬ್ಬ ಹೆಂಗಸಿನ ಹತ್ತಿರವೂ "ಈ ಸಲ ಮೊಟ್ಟೆ ಕಡಿಮೆ ಹಾಕಿದ್ದೀರಿ", "ನಿಮ್ಮ ಅಮ್ಮ ಜಾಯಿಕಾಯಿ ಜಾಸ್ತಿ ಹಾಕುತ್ತಿದ್ದರು" ಎಂದು ಕೆಣಕುತ್ತ ಓಡಾಡುತ್ತಿದ್ದರು. ಅವರ ಹೆಂಡತಿಯನ್ನು ನಾನು ಬಾಯಮ್ಮ ಎಂದು ಕರೆಯುವುದು. ಒಮ್ಮೆ ಬಾಯಮ್ಮ ನಗುತ್ತ ಹೇಳಿದರು: "ಇವರಿಗೆ ಮಕ್ಕಳಿಲ್ಲದ ಬೇಸರ ವರ್ಷವಿಡೀ ಇರುತ್ತದೆ ಮಗಾ. ಈ ಒಂದು ವಾರ ಇರುವುದಿಲ್ಲ. ಅಷ್ಟೂ ಮನೆಯವರು ತಮ್ಮವರೇ ಎಂದು ತೋರುತ್ತದೆ ಅವರಿಗೆ."

ಮೊದಲ ಎರಡು ಡಿಸೆಂಬರು ನಾನು ಆ ವಾರ ಹಸಿ ಪಿಜ್ಜಾ ಮಾರುವುದನ್ನೇ ನಿಲ್ಲಿಸಿದ್ದೆ. ಮೂರನೆಯದರಲ್ಲಿ ಮಣಿಪಾಲದಿಂದ ಒಂದು ದೊಡ್ಡ ಪಾರ್ಟಿಯ ಆರ್ಡರು ಬಂತು. ಇದು ಸರಿಹೋದರೆ ಮುಂದೆ ಎಲ್ಲ ಪಾರ್ಟಿಯೂ ನಮಗೇ ಎಂದು ಆರ್ಡರು ಕೊಟ್ಟವರು ಆಸೆ ಹುಟ್ಟಿಸಿದರು. ನಾನು ಒಪ್ಪಿಕೊಂಡುಬಿಟ್ಟೆ. ಒಪ್ಪಿಕೊಂಡ ಮೇಲೆ ರಸ್ತೆ ದಾಟಿ ಪೊರ್ಬುಗಳ ಮುಂದೆ ನಿಂತೆ. ಅವರು ಬಹಳ ಹೊತ್ತು ಒಲೆಯ ಕಡೆ ನೋಡಿದರು.

"ಈ ವಾರವೇ ಆಗಬೇಕಾ ಮಗಾ?"

"ಒಪ್ಪಿಕೊಂಡಾಗಿದೆ ಪೊರ್ಬುಗಳೇ."

"ಹಾಗಾದರೆ ಬೆಳಿಗ್ಗೆ ಬೇಗ ತಾ. ಕೇಕು ಬರುವ ಮೊದಲು ಮುಗಿಸುವ."

ಬೆಳಿಗ್ಗೆ ಬೇಗ ಎಂದರೆ ನಾನು ಹಿಂದಿನ ದಿನವೇ ಲಟ್ಟಿಸಿ ಇಟ್ಟುಕೊಳ್ಳಬೇಕಾಯಿತು. ರೊಟ್ಟಿಗಳು ಕೂತು ಕೂತು ಮೆತ್ತಗಾಗಿದ್ದವು. ಪಾರ್ಟಿಯವರು ಬೇರೆ ಬೆಳ್ಳುಳ್ಳಿ ಜಾಸ್ತಿ ಇರಲಿ ಎಂದಿದ್ದರು. ಒಂದನ್ನು ಹಲಗೆಯಿಂದ ಜಾರಿಸುವಾಗ ಅದು ಮಡಚಿ, ಬೆಳ್ಳುಳ್ಳಿ ಬೆಣ್ಣೆ, ಈರುಳ್ಳಿ, ಚೀಸು ಎಲ್ಲ ಒಲೆಯ ನೆಲಕ್ಕೆ ಸುರಿದು ಹತ್ತಿ ಉರಿಯಿತು. ಒಲೆಯ ಬಾಯಿಯಿಂದ ಕಪ್ಪು ಹೊಗೆ. ಅವರು ಉದ್ದ ಕೋಲಿಗೆ ಒದ್ದೆ ಗೋಣಿ ಕಟ್ಟಿ ಒರೆಸಿದರು, ಮತ್ತೆ ಒರೆಸಿದರು, ಬಾಗಿಲು ತೆರೆದಿಟ್ಟು ಗಾಳಿಯಾಡಿಸಿದರು. ನಾನು ಪಾರ್ಟಿಯ ಪೆಟ್ಟಿಗೆಗಳನ್ನು ರಿಕ್ಷಾಕ್ಕೆ ತುಂಬಿಸುವ ಗಡಿಬಿಡಿಯಲ್ಲಿದ್ದೆ. ಮಧ್ಯಾಹ್ನ ಎಂದಿನಂತೆ ಡಬ್ಬಿಗಳು ಒಳಗೆ ಹೋದವು.

ಇಟ್ಟಿಗೆ ವಾಸನೆಯನ್ನು ಹೀರಿಕೊಂಡಿತ್ತು. ಆ ದಿನದ ಅಷ್ಟೂ ಕೇಕಿಗೆ ಸುಟ್ಟ ಬೆಳ್ಳುಳ್ಳಿಯ ಕಮಟು ಹಿಡಿದುಹೋಯಿತು.

ಮರುದಿನ ಹೆಂಗಸರು ಡಬ್ಬಿಗಳನ್ನು ಹಿಡಿದುಕೊಂಡೇ ಬಂದರು. ಗಲಾಟೆ ಮಾಡುವವರಲ್ಲ, ಆದರೆ ಮುಖ ನೋಡಲಾಗುತ್ತಿರಲಿಲ್ಲ. ನಾನು ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಪೊರ್ಬುಗಳು ಹೇಳುತ್ತಿದ್ದರು, ಸೌದೆ ಸರಿ ಇರಲಿಲ್ಲ, ಎಂತದೋ ಕಾಡುಮರ ಸೇರಿಕೊಂಡಿತ್ತು, ತಾನು ನೋಡದೆ ಹಾಕಿದೆ, ತನ್ನದೇ ತಪ್ಪು. ಹಣ್ಣು, ಹಿಟ್ಟು ಎಲ್ಲ ತಾನೇ ಕೊಡುತ್ತೇನೆ, ಹಬ್ಬಕ್ಕೆ ಇನ್ನೂ ದಿನ ಉಂಟು, ತಾನೇ ಕಲಸಿ ಬೇಯಿಸಿ ಮನೆಗೆ ತಲುಪಿಸುತ್ತೇನೆ. ಹೆಂಗಸರು ಮೆತ್ತಗಾಗತೊಡಗಿದ್ದರು. ಅವರಲ್ಲೊಬ್ಬರು ನಿವೃತ್ತ ಟೀಚರು, ಎಲ್ಲರಿಗಿಂತ ಹಿರಿಯರು. "ನಿಮಗೂ ವಯಸ್ಸಾಯಿತು, ಕಣ್ಣು ಪರೀಕ್ಷೆ ಮಾಡಿಸಿ" ಎಂದು ಅವರು ಬೈದದ್ದರಲ್ಲಿ ಆಗಲೇ ಅರ್ಧ ನಗೆ ಇತ್ತು.

ನಾನು ಅಲ್ಲಿಯೇ ನಿಂತಿದ್ದರೆ ಸಾಕಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳುವವಳು ಎಂದು ನನಗೆ ನನ್ನ ಮೇಲೆ ಬಹಳ ಹೆಮ್ಮೆ. ಒಬ್ಬ ಮುದುಕ ನನಗಾಗಿ ಬೈಗುಳ ತಿನ್ನುತ್ತಿದ್ದಾನೆ, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೇನೆ ಎಂಬುದು ನನ್ನಿಂದ ಸಹಿಸಲಾಗಲಿಲ್ಲ. ರಸ್ತೆ ದಾಟಿ ಹೋಗಿ ಎಲ್ಲರ ನಡುವೆ ನಿಂತು ಹೇಳಿದೆ: "ಅವರಿಗೆ ಬೈಯಬೇಡಿ. ಸೌದೆ ಅಲ್ಲ, ನನ್ನ ಪಿಜ್ಜಾದ ಬೆಳ್ಳುಳ್ಳಿ. ಬೆಳಿಗ್ಗೆ ನಾನೇ ಒಲೆಯಲ್ಲಿ ಇಡಿಸಿದ್ದು. ತಪ್ಪು ನನ್ನದು." ಹೇಳಿ ಮುಗಿಸಿದ ಕೂಡಲೇ ನನ್ನ ಎದೆ ಹಗುರವಾಯಿತು. ಆ ಹಗುರವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಟೀಚರು ನನ್ನ ಕಡೆ ನೋಡಲೇ ಇಲ್ಲ. ಪೊರ್ಬುಗಳ ಕಡೆ ತಿರುಗಿ, "ಹೌದಾ?" ಎಂದು ಕೇಳಿದರು. ಅವರು ತಲೆ ಆಡಿಸಿದರು.

"ಈ ವಾರ ಒಲೆಗೆ ಬೇರೆ ಎಂತದ್ದೂ ಹೋಗುವುದಿಲ್ಲ ಎಂದು ನಾವು ನಂಬಿ ತರುವುದಲ್ವಾ?"

"ಹೌದು ಟೀಚರ್."

"ಮತ್ತೆ ಸೌದೆ ಎಂದಿರಿ."

ಹೆಂಗಸರು ಡಬ್ಬಿಗಳನ್ನು ಎತ್ತಿಕೊಂಡು ಹೋದರು. ಹಣ್ಣೂ ಬೇಡ, ಹಿಟ್ಟೂ ಬೇಡ ಎಂದರು, ಮರ್ಯಾದೆಯಿಂದಲೇ.

ಎಲ್ಲರೂ ಹೋದ ಮೇಲೆ ಅವರು ಬೆಂಚಿನಲ್ಲಿ ಕೂತರು. "ನೀನು ಯಾಕೆ ಹೇಳಿದೆ ಮಗಾ?" ಎಂದು ಕೇಳಿದರು. ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಹಾಗಿತ್ತು. "ನನ್ನ ಅಪ್ಪ ಎಷ್ಟು ಕೇಕು ಕರಿಕು ಮಾಡಿಲ್ಲ, ನಾನು ಎಷ್ಟು ಹಾಳು ಮಾಡಿಲ್ಲ! ಸೌದೆ ಕೆಟ್ಟದ್ದೆಂದರೆ ನಾಲ್ಕು ಮಾತು ಬೈದು ಮುಂದಿನ ವರ್ಷ ಮತ್ತೆ ತರುತ್ತಿದ್ದರು. ಇನ್ನು ಹೇಗೆ ತರುತ್ತಾರೆ?"

ನಿಮಗಾಗಿ ಹೇಳಿದೆ ಎಂದು ನಾನು ಬಾಯಿ ತೆರೆದೆ. ಆಗಲೇ ಗೊತ್ತಾಯಿತು, ಅದು ಅವರಿಗಾಗಿ ಆಗಿರಲಿಲ್ಲ. ನನ್ನ ಮನಸ್ಸಿಗೆ ಸಮಾಧಾನ ಬೇಕಿತ್ತು, ಅವರ ವರ್ಷದ ಆ ಒಂದು ವಾರವನ್ನು ಕೊಟ್ಟು ಅದನ್ನು ಕೊಂಡುಕೊಂಡೆ.

ನಂತರ ನಾನು ಸುಮ್ಮನಿರಲಿಲ್ಲ ಎನ್ನಬೇಕು. ಮನೆಮನೆಗೆ ಹೋದೆ. ಟೀಚರ ಮನೆಗೆ ಎರಡು ಸಲ ಹೋದೆ. ಅವರು ಕಾಫಿ ಕೊಟ್ಟರು, "ನಿಮ್ಮ ಮೇಲೆ ನಮಗೆ ಏನೂ ಇಲ್ಲಮ್ಮ, ನೀವು ಸತ್ಯ ಹೇಳಿದಿರಿ" ಎಂದರು. ನನಗೆ ಸಿಕ್ಕಿದ ಆ ಕ್ಷಮೆಯಲ್ಲಿ ಪೊರ್ಬುಗಳಿಗೆ ಒಂದು ಚೂರೂ ಪಾಲು ಸಿಗಲಿಲ್ಲ. ನಾನು ಹೋದಷ್ಟೂ ಆ ದಿನದ ಮಾತು ಮತ್ತೆ ಮತ್ತೆ ಏಳುತ್ತಿತ್ತು. ಕೊನೆಗೆ ಬಾಯಮ್ಮನೇ "ಸಾಕು ಮಾಡು" ಎಂದರು.

ಮುಂದಿನ ಡಿಸೆಂಬರು ಬರುವ ಮೊದಲೇ ಆ ಮನೆಗಳಿಗೆ ಓವನ್ ಬಂತು. ಒಬ್ಬರು ಕಂತಿನಲ್ಲಿ ತೆಗೆದುಕೊಂಡರು, ಇನ್ನೊಬ್ಬರಿಗೆ ಮಗಳು ಕೊಡಿಸಿದಳು, ಉಳಿದವರು ಅವರನ್ನು ನೋಡಿ ತಂದರು. ಓವನ್ ಬಂದ ಮನೆಗೆ ಕೇಕು ವರ್ಷಕ್ಕೊಮ್ಮೆ, ಉಳಿದ ದಿನ ಅದಕ್ಕೆ ಏನು ಕೆಲಸ? ನನ್ನ ಹಸಿ ಪಿಜ್ಜಾ. ಕ್ರೈಸ್ತರ ಮನೆ ನೋಡಿ ಬೇರೆಯವರೂ ತಂದರು. ವ್ಯಾಪಾರ ನಾನು ಕನಸಿನಲ್ಲೂ ಕಾಣದಷ್ಟು ಏರಿತು. ಮಣಿಪಾಲದಲ್ಲಿ ಗಿರಾಕಿಯೇ ಕೈಯಾರೆ ಲಟ್ಟಿಸಿ ಜೋಡಿಸಿಕೊಳ್ಳುವ ಇನ್ನೊಂದು ಅಂಗಡಿ ತೆರೆದೆವು, ಕಾರ್ಕಳಕ್ಕೂ ಹಸಿ ಪಿಜ್ಜಾ ಕಳಿಸತೊಡಗಿದೆವು. ನಮ್ಮ ಮೊದಲಿನ ದಡ್ಡತನ ಈಗ ಜಾಣತನ ಎನಿಸಿಕೊಂಡಿತು. ನನ್ನ ಗಂಡ ಅದನ್ನು ದೇವರ ದಯೆ ಎನ್ನುತ್ತಾರೆ. ನನಗೆ ಹಾಗೆ ಹೇಳಲು ನಾಲಿಗೆ ಬರುವುದಿಲ್ಲ, ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು. ರಸ್ತೆಯಾಚೆಯ ಬೆಂಚಿನಲ್ಲಿ ಸಂಜೆ ಕೂರುವವರು ಕಡಿಮೆಯಾಗುತ್ತ ಬಂದರು. ಮನೆಯಲ್ಲೇ ಓವನ್ ಇರುವಾಗ ಯಾರು ಕೂರುತ್ತಾರೆ?

ಆ ಡಿಸೆಂಬರಿನ ವಾರ ಪೊರ್ಬುಗಳು ಕ್ಷೌರ ಮಾಡಿಸಿದ್ದರು. ಪಪ್ಸ್ ನಿಲ್ಲಿಸಿದ್ದರು. ಬೆಳಗಿನ ಬ್ರೆಡ್ ಮುಗಿಸಿ ಒಲೆಯನ್ನು ಒರೆಸಿ, ಕೈ ಚಾಚಿ ಕಾವು ನೋಡಿ, ಬಾಗಿಲಲ್ಲಿ ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂರಬಹುದಿತ್ತು. ಅಂಗಡಿಯೊಳಗೆ ಹಿಟ್ಟು ನಾದುತ್ತ ಇದ್ದೆ, ಬಾಗಿಲಿಗೆ ಬೆನ್ನು ಹಾಕಿ. ಯಾರೂ ಬರಲಿಲ್ಲ.

ಒಲೆ ಇನ್ನೂ ಒಂದು ಮಳೆಗಾಲ ಉರಿಯಿತು. ಆಮೇಲೆ ಅವರಿಗೆ ಉಸಿರಿನ ತೊಂದರೆ ಶುರುವಾಗಿ ಡಾಕ್ಟರು ಹೊಗೆ ಕೂಡದು ಎಂದರು. ನೋಡಲು ಹೋದಾಗ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದರು.

"ವ್ಯಾಪಾರ ಹೇಗುಂಟು?" ಎಂದು ಕೇಳಿದರು.

"ಏನಿಲ್ಲ ಪೊರ್ಬುಗಳೇ, ಸ್ವಲ್ಪ ಡಲ್ಲು" ಎಂದೆ.

ಅವರು ನಕ್ಕರು, ನಗುವಿಗೆ ಕೆಮ್ಮು ಸೇರಿತು. "ಈಗ ಕಲಿತೆಯಾ ಸುಳ್ಳು ಹೇಳಲಿಕ್ಕೆ? ಇನ್ನೂ ಸರಿ ಬರುವುದಿಲ್ಲ ನಿನಗೆ." ಕೆಮ್ಮು ನಿಂತ ಮೇಲೆ, "ಒಳ್ಳೆಯದಾಗಲಿ, ಒಳ್ಳೆಯದಾಗಲಿ" ಎಂದರು. ಅವರು ನನಗೆ ಒಂದು ದಿನವೂ ಕೆಟ್ಟದ್ದು ಬಯಸಲಿಲ್ಲ ಎಂಬುದೇ ನನ್ನನ್ನು ಹೆಚ್ಚು ಸುಡುತ್ತದೆ. ಬೈದಿದ್ದರೆ ಎಲ್ಲೋ ಒಂದು ಕಡೆ ಲೆಕ್ಕ ಚುಕ್ತಾ ಆಗುತ್ತಿತ್ತು.

ಅವರು ತೀರಿಕೊಂಡಾಗ ಇಗರ್ಜಿ ತುಂಬ ಜನ. ಟೀಚರೂ ಬಂದಿದ್ದರು, ಆ ಹೆಂಗಸರೆಲ್ಲ ಬಂದಿದ್ದರು, ಎಲ್ಲರೂ ಅತ್ತರು. ನಾನು ಹಿಂದಿನ ಸಾಲಿನಲ್ಲಿ ಕೂತು, ಇವರಲ್ಲಿ ಒಬ್ಬರಾದರೂ ಒಂದು ಡಬ್ಬಿ ಹಿಡಿದುಕೊಂಡು ಬಂದಿದ್ದರೆ ಎಂದು ಸಿಟ್ಟು ಮಾಡಿಕೊಂಡೆ. ಸಿಟ್ಟಾಗುವ ಹಕ್ಕು ನನಗೆ ಎಲ್ಲಿಂದ ಬಂತೆಂದು ಆಮೇಲೆ ಹೊಳೆಯಿತು. ಒಲೆಯ ಕೋಣೆಯನ್ನು ಬಾಯಮ್ಮ ಬೇರೆಯವರಿಗೆ ಬಾಡಿಗೆಗೆ ಕೊಟ್ಟರು, ಅವರು ಒಲೆ ಒಡೆದು ಜಾಗ ಮಾಡಿಕೊಂಡರು.

ಸೂತಕದ ವರ್ಷ ಅವರ ಮನೆಯಲ್ಲಿ ಹಬ್ಬ ಇರಲಿಲ್ಲ. ಕಳೆದ ಕ್ರಿಸ್ಮಸ್ಸಿಗೆ ಬಾಯಮ್ಮನೇ ತಟ್ಟೆಗೆ ಕ್ರೋಶಾ ಬಟ್ಟೆ ಮುಚ್ಚಿಕೊಂಡು ಮೆಲ್ಲಗೆ ರಸ್ತೆ ದಾಟಿ ಬಂದರು. ಹಬ್ಬದ ತಿಂಡಿಗಳ ತಟ್ಟೆಯನ್ನು ನೆರೆಮನೆಗಳಿಗೆ ಹಂಚುವುದು ಅವರ ಪದ್ಧತಿ, ಕುಸ್ವಾರ್ ಎನ್ನುತ್ತಾರೆ. ಕರ್ಜಿಕಾಯಿಯಂಥ ನೆವ್ರಿ, ಚಕ್ಕುಲಿ, ಗುಲಾಬಿ ಹೂವಿನಾಕಾರದ ಕರಿದ ತಿಂಡಿ, ಎಳ್ಳುಂಡೆ, ಎಲ್ಲ ಇತ್ತು. ನಾನು ಬಟ್ಟೆ ಸರಿಸಿ ನೋಡುತ್ತಿದ್ದದ್ದನ್ನು ಕಂಡು ಅವರೇ ಹೇಳಿದರು.

"ಕೇಕು ಇಲ್ಲ ಮಗಾ. ಒಲೆ ಇಲ್ಲದೆ ಕಲಸಿ ಎಂತ ಮಾಡುವುದು?"

ಚುಚ್ಚಲಿಕ್ಕೆ ಹೇಳಿದ್ದಲ್ಲ. ಅವರಿಗೆ ಚುಚ್ಚಲು ಬರುವುದಿಲ್ಲ. ನನ್ನ ಬೆನ್ನ ಹಿಂದೆ, ವ್ಯಾಪಾರ ಏರಿದ ಮೇಲೆ ತಂದ ನಮ್ಮ ದೊಡ್ಡ ಎಲೆಕ್ಟ್ರಿಕ್ ಓವನ್ ಗುಂಯ್‌ಗುಡುತ್ತಿತ್ತು. ಇಲ್ಲಿಗೆ ತನ್ನಿ ಬಾಯಮ್ಮ, ನಾನು ಬೇಯಿಸಿ ಕೊಡುತ್ತೇನೆ ಎನ್ನಬೇಕಿತ್ತು. ಎಲ್ಲಿ ಬೇಕಾದರೂ ಏನು ಬೇಕಾದರೂ ಹೇಳುವ ನನ್ನ ಬಾಯಿ ಆ ಹೊತ್ತಿಗೆ ತೆರೆಯಲಿಲ್ಲ. ಅವರು ಓವನ್ನನ್ನು ಒಮ್ಮೆ ನೋಡಿ, "ತಟ್ಟೆ ಮೆಲ್ಲ ವಾಪಸು ಕೊಟ್ಟರೆ ಸಾಕು" ಎಂದು ಹೊರಟುಹೋದರು.

ಆ ಹಬ್ಬಕ್ಕೆ ಟೀಚರ ಮನೆಯಿಂದ ಕೇಕು ಬಂತು. ಕೆಂಪು ದಾರ ಕಟ್ಟುತ್ತಿದ್ದವರ ಮನೆಯಿಂದಲೂ ಬಂತು. ತಮ್ಮ ತಮ್ಮ ಓವನ್ನಿನಲ್ಲಿ ಮಾಡಿದ್ದು, ಚೆನ್ನಾಗಿಯೇ ಬೆಂದಿತ್ತಂತೆ, ನನ್ನ ಗಂಡ ತಿಂದು ಹೇಳಿದರು. ನಮ್ಮವರಲ್ಲಿ ತಿಂಡಿ ಬಂದ ತಟ್ಟೆಯನ್ನು ಬರಿದಾಗಿ ಹಿಂದೆ ಕೊಡುವ ಕ್ರಮ ಇಲ್ಲ. ಒಂದು ಹಿಡಿ ಸಕ್ಕರೆಯೋ ಎರಡು ಬಾಳೆಹಣ್ಣೋ, ಏನಾದರೂ ಇಟ್ಟು ಕೊಡಬೇಕು. ಉಳಿದವರ ತಟ್ಟೆಗಳೆಲ್ಲ ಮರುದಿನವೇ ಸಕ್ಕರೆ ಹೊತ್ತು ವಾಪಸು ಹೋದವು. ಬಾಯಮ್ಮನ ತಟ್ಟೆಯನ್ನು ತೊಳೆದು ಒರೆಸಿ ಕೈಯಲ್ಲಿ ಹಿಡಿದು ಎಷ್ಟೋ ಸಲ ಬಾಗಿಲವರೆಗೆ ಹೋಗಿದ್ದೇನೆ. ಅದರಲ್ಲಿ ಎಂತ ಇಟ್ಟು ಕೊಡುವುದೆಂದು ತೋಚುವುದಿಲ್ಲ. ತಟ್ಟೆ ಇನ್ನೂ ನನ್ನ ಅಂಗಡಿಯಲ್ಲೇ ಉಂಟು.